ನೀರಿಗಿಂತ ಕೆಳಗಿರುವ ಕಾಡು: ಆಮ್‌ಸ್ಟರ್‌ಡಾಮ್ಸೆ ಬೊಸ್‌ನಲ್ಲಿ ಒಂದು ದಿನದ ನಡಿಗೆಗೆ ಸಮಗ್ರ ಮಾರ್ಗದರ್ಶಿ

ಊರಿನಿಂದ ಅಪ್ಪ-ಅಮ್ಮ ಬಂದು ಎರಡು ವಾರ ಕಳೆಯುವಷ್ಟರಲ್ಲಿ ಇಲ್ಲಿ ನೆದರ್ಲೆಂಡ್ಸ್‌ನ ಕನ್ನಡದ ಮನೆಗಳಲ್ಲಿ ಏಳುವ ಮಾತು ಒಂದೇ: ಇನ್ನು ಎಲ್ಲಿಗೆ ಕರಕೊಂಡು ಹೋಗೋದು? ಗಾಳಿಗಿರಣಿ ನೋಡಿದ್ದಾಯ್ತು, ಕಾಲುವೆಯಲ್ಲಿ ದೋಣಿ ಹತ್ತಿದ್ದಾಯ್ತು, ಟ್ಯೂಲಿಪ್ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಊರಿನ ಗ್ರೂಪಿಗೆ ಕಳಿಸಿದ್ದೂ ಆಯ್ತು. ವೀಸಾ ಮೂರು ತಿಂಗಳದ್ದು. ಉಳಿದ ದಿನಗಳಲ್ಲಿ ಒಂದನ್ನು ಆಮ್‌ಸ್ಟರ್‌ಡಾಮ್ಸೆ ಬೊಸ್‌ಗೆ ಎತ್ತಿಡಿ. ಟಿಕೆಟ್ ಇಲ್ಲ, ಸಾಲು ನಿಲ್ಲಬೇಕಿಲ್ಲ. ಆಮ್‌ಸ್ಟರ್‌ಡಾಮಿನ ಪಕ್ಕದ ಊರು ಆಮ್‌ಸ್ಟೆಲ್‌ವೀನ್‌ನಲ್ಲಿ ಮನೆಯಿದ್ದರೆ ಬಸ್ಸೂ ಬೇಕಾಗದಿರಬಹುದು.

ಬೊಸ್ ಎಂದರೆ ಕಾಡು. ಸುಮಾರು 1,000 ಹೆಕ್ಟೇರ್, ಅಂದರೆ ಲಾಲ್‌ಬಾಗ್‌ನಂಥ ಹತ್ತು ತೋಟ. ಹೆಸರು ಆಮ್‌ಸ್ಟರ್‌ಡಾಮಿನದು, ಒಡೆತನವೂ ಆ ನಗರದ್ದೇ. ನೆಲ ಮಾತ್ರ ಹೆಚ್ಚಿನ ಪಾಲು ಆಮ್‌ಸ್ಟೆಲ್‌ವೀನ್ ಗಡಿಯೊಳಗಿದೆ. ಸುಮ್ಮನೆ ಒಳಹೊಕ್ಕು ಒಂದು ಸುತ್ತು ಹಾಕಿ ಬಂದರೆ 'ಪಾರ್ಕು ಚೆನ್ನಾಗಿದೆ' ಅನ್ನಿಸಿ ಅಲ್ಲಿಗೆ ಮುಗಿಯುತ್ತದೆ. ನಾನೂ ಮೊದಲ ಮೂರು ವರ್ಷ ಹಾಗೇ ಅಂದುಕೊಂಡಿದ್ದೆ. ಅಪ್ಪನ ಜೊತೆ ಹೋದ ಮೇಲೆ ನಡೆಯುವ ಕ್ರಮವನ್ನೇ ಬದಲಿಸಿದೆ. ಅವರು ತಿಪಟೂರು ಕಡೆಯ ರೈತರು. ಕೆರೆ, ಏರಿ, ತೂಬುಗಳ ನಡುವೆ ಬೆಳೆದವರು. ಈ ಕಾಡಿನ ಗುಟ್ಟು ಅವರಿಗೆ ನನಗಿಂತ ಬೇಗ ಹೊಳೆಯಿತು. ಮುಂದೆ ಹೇಳುವ ದಾರಿಯನ್ನು ಆ ಗುಟ್ಟು ಕಾಲಿಗೇ ತಿಳಿಯುವಂತೆ ಜೋಡಿಸಿದ್ದೇನೆ. ಒಟ್ಟು ಸುಮಾರು 9 ಕಿ.ಮೀ. ಕೂತು ಎದ್ದು, ತಿಂದು ಉಂಡು, ನಾಲ್ಕೈದು ಗಂಟೆ.

ಹೊರಡುವ ಮುನ್ನ ಗುಟ್ಟು ಗೊತ್ತಿರಲಿ

ನಮ್ಮಲ್ಲಿ ಕೆರೆ ಏರಿಯ ಮೇಲೆ ನಿಂತರೆ ಒಂದು ಪಕ್ಕ ನೀರು, ಇನ್ನೊಂದು ಪಕ್ಕ ತಗ್ಗಿನಲ್ಲಿ ಗದ್ದೆ. ತೂಬು ಎತ್ತಿದರೆ ನೀರು ತಾನಾಗಿ ಗದ್ದೆಗೆ ಇಳಿಯುತ್ತದೆ. ಈ ಚಿತ್ರ ಹಾಗೇ ಇರಲಿ, ಒಂದನ್ನು ಮಾತ್ರ ತಿರುವುಮುರುವು ಮಾಡಿ. ಗದ್ದೆಗೆ ನೀರು ಬೇಡ. ಗದ್ದೆಯಲ್ಲಿ ಬಿದ್ದ ಮಳೆಯನ್ನೂ ಒಸರಿ ಬಂದ ನೀರನ್ನೂ ಬಸಿಗಾಲುವೆಗಳಲ್ಲಿ ಕೂಡಿಸಿ, ಪಂಪ್ ಹಚ್ಚಿ, ಮೇಲಿರುವ ಕೆರೆಗೆ ಎತ್ತಿ ಹಾಕಬೇಕು. ಈ ವರ್ಷ, ಮುಂದಿನ ವರ್ಷ, ಎಂದೆಂದಿಗೂ. ಪಂಪ್ ಕೈಕೊಟ್ಟರೆ ಗದ್ದೆಯೇ ನಿಧಾನವಾಗಿ ಕೆರೆಯಾಗುತ್ತದೆ. ಡಚ್ಚರು ಪೋಲ್ಡರ್ ಎನ್ನುವುದು ಇದಕ್ಕೇ. ನೀರು ಎತ್ತಿ ಹಾಕುವ ಆ ಮೇಲಿನ ಜಲಾಶಯಗಳ ಜಾಲಕ್ಕೆ ಅವರಿಟ್ಟ ಹೆಸರು ಬೂಜೆಮ್, ಅಂದರೆ ಎದೆ, ಮಡಿಲು. ಲೆಕ್ಕಾಚಾರದ ಜನ, ಈ ಒಂದು ವಿಷಯದಲ್ಲಿ ಕವಿಗಳಾಗಿದ್ದಾರೆ.

ಈ ಕಾಡು ನಿಂತಿರುವುದು ಹೀಗೆ ನೀರು ಬಸಿದು ಪಡೆದ ಪೋಲ್ಡರ್‌ಗಳ ಮೇಲೆ. ನೆಲದ ಬಹುಭಾಗ ಸಮುದ್ರಮಟ್ಟಕ್ಕಿಂತ ಮೂರು-ನಾಲ್ಕು ಮೀಟರ್ ಕೆಳಗಿದೆ. ಪಕ್ಕದ ಸ್ಖಿಪೋಲ್ ವಿಮಾನ ನಿಲ್ದಾಣವಂತೂ ಹಾರ್ಲೆಮರ್‌ಮೇರ್ ಎಂಬ ದೊಡ್ಡ ಸರೋವರದ ತಳದಲ್ಲೇ ಇದೆ. ಮೂರು ಕಡೆ ಉಗಿಯಂತ್ರದ ಪಂಪ್ ಹಚ್ಚಿ ಆ ಸರೋವರವನ್ನು 1852ರಲ್ಲಿ ಒಣಗಿಸಿ ಮುಗಿಸಿದರು. ಊರಿನವರು ವಿಮಾನದಿಂದ ಇಳಿದು ಕಾಲಿಟ್ಟದ್ದೇ ಒಂದು ಕೆರೆಯಂಗಳಕ್ಕೆ ಅಂದರೆ ನಂಬುವುದಿಲ್ಲ, ನೋಡಿ.

ಆಮ್‌ಸ್ಟರ್‌ಡಾಮ್ ನಗರಸಭೆ ಕಾಡು ಬೇಕೆಂದು ತೀರ್ಮಾನಿಸಿದ್ದು 1928ರಲ್ಲಿ. ನಗರದ ಸುತ್ತ ಜನರಿಗೆ ಹಸಿರು ಬೇಕು ಎಂದು ಅದಕ್ಕೂ ಮೊದಲಿನಿಂದ ಹೇಳುತ್ತಾ ಬಂದಿದ್ದವರು ಯಾಕ್ ಪೇ ಟೈಸೆ ಎಂಬ ಶಾಲಾ ಮೇಷ್ಟ್ರು, ನಿಸರ್ಗ ಲೇಖಕ. ನಕ್ಷೆ ಬರೆದವರು ಕಾರ್ನೆಲಿಸ್ ಫಾನ್ ಏಸ್ಟೆರೆನ್ ಮತ್ತು ಯಾಕೋಬಾ ಮುಲ್ಡರ್. ಅಗೆತ ಶುರುವಾದದ್ದು 1934ರಲ್ಲಿ, ಜಗತ್ತಿನ ಆರ್ಥಿಕ ಕುಸಿತದ ನಡುವೆ. ಕೆಲಸ ಕಳೆದುಕೊಂಡಿದ್ದ ಸುಮಾರು 20,000 ಮಂದಿ ಐದು ವರ್ಷಗಳಲ್ಲಿ ಸರದಿಯಂತೆ ಬಂದು ಗುದ್ದಲಿ, ಸಲಿಕೆ, ತಳ್ಳುಗಾಡಿ ಹಿಡಿದರು. ನಮ್ಮ ಬರಗಾಲದ ಕಾಮಗಾರಿಯ ಥರದ್ದೇ. ಬರದಿದ್ದರೆ ಸರ್ಕಾರದ ಭತ್ಯೆ ನಿಲ್ಲುತ್ತಿತ್ತು. ಇಷ್ಟು ತಲೆಯಲ್ಲಿರಲಿ, ಉಳಿದದ್ದನ್ನು ದಾರಿಯಲ್ಲಿ ನೋಡೋಣ.

ಯಾವಾಗ, ಏನು ಹಿಡಿದು

ಏಪ್ರಿಲ್ ಮಧ್ಯದಿಂದ ಜೂನ್‌ವರೆಗೆ, ಇಲ್ಲವೇ ಎಲೆ ಕೆಂಪಾಗುವ ಅಕ್ಟೋಬರ್. ಜೂನ್‌ನಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಅವಸರವಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆ ಹೊತ್ತು ಮುಳುಗುತ್ತದೆ. ಒಳದಾರಿಗಳಲ್ಲಿ ದೀಪ ಇರುತ್ತದೆಂದು ನಂಬಿಕೊಳ್ಳದೆ ಹನ್ನೊಂದಕ್ಕೆಲ್ಲ ನಡಿಗೆ ಶುರು ಮಾಡಿರಬೇಕು.

ಮಳೆಯ ಬಗ್ಗೆ ಹವಾಮಾನ ಮುನ್ಸೂಚನೆ ನೋಡಿ ಪ್ರಯೋಜನವಿಲ್ಲ. ಇಲ್ಲಿನವರೆಲ್ಲ ನೋಡುವ ಬೌಯನ್‌ರಾಡಾರ್ ಆಪ್ ಹಾಕಿಕೊಳ್ಳಿ, ಮುಂದಿನ ಎರಡು ಗಂಟೆಯಲ್ಲಿ ಮೋಡ ಎಲ್ಲಿಗೆ ಸರಿಯುತ್ತದೆ ಎಂದು ಅದು ತೋರಿಸುತ್ತದೆ. ಕೊಡೆ ಬೇಡ, ಗಾಳಿಗೆ ಮಗುಚಿಕೊಳ್ಳುತ್ತದೆ. ಟೋಪಿ ಇರುವ ಮಳೆಯಂಗಿಯೇ ಸರಿ.

ಶೂ ಬಗ್ಗೆ ಮಾತ್ರ ಜಗಳವಾಡಿಯಾದರೂ ಗೆಲ್ಲಿ. 'ವಾಕಿಂಗ್ ತಾನೇ, ಚಪ್ಪಲಿ ಸಾಕು' ಎಂದು ಅಮ್ಮ ಹಟ ಹಿಡಿದಿದ್ದರು. ಮಳೆ ಬಂದ ಮಾರನೇ ದಿನ ಒಳದಾರಿಯ ಮಣ್ಣು ನಮ್ಮೂರ ಎರೆಮಣ್ಣಿನ ಹಾಗೆ ಅಂಟುತ್ತದೆ. ಅರ್ಧ ದಾರಿಯಲ್ಲಿ ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು, ಕಾಲು ಮಾತ್ರ ಮುಂದೆ ಬಂತು. ಮೇ ತಿಂಗಳಿಂದ ಉದ್ದ ಪ್ಯಾಂಟು, ಕಾಲುಚೀಲ ಕಡ್ಡಾಯ. ಕಾರಣ ಕೊನೆಯಲ್ಲಿ ಹೇಳುತ್ತೇನೆ. ಫೋನಿಗೆ ಈ ಜಾಗದ ನಕ್ಷೆ ಮೊದಲೇ ಇಳಿಸಿಕೊಳ್ಳಿ. ಕಾಡಿನೊಳಗೆ ಕಾಲುದಾರಿಗಳು ನೂರು ಕಿಲೋಮೀಟರಿಗೂ ಹೆಚ್ಚಿವೆ, ಎಲ್ಲವೂ ಒಂದೇ ಥರ ಕಾಣುತ್ತವೆ.

ಬುತ್ತಿಗೆ ಚಿತ್ರಾನ್ನ, ಮೊಸರನ್ನ ಯಾವುದಾದರೂ ಆದೀತು. ಒಂದು ಹಳೆಯ ಜಮಖಾನ ಇರಲಿ, ಹುಲ್ಲು ಯಾವಾಗಲೂ ತೇವ.

ತಲುಪುವುದು

ಆಮ್‌ಸ್ಟರ್‌ಡಾಮ್ ಕಡೆಯಿಂದ ಬರುವವರು 50 ಅಥವಾ 51ನೇ ಮೆಟ್ರೋದಲ್ಲಿ ಆಮ್‌ಸ್ಟೆಲ್‌ವೇನ್ಸೆವೆಖ್ ನಿಲ್ದಾಣದಲ್ಲಿ ಇಳಿದು, ಅದೇ ಹೆಸರಿನ ರಸ್ತೆಯಲ್ಲಿ ದಕ್ಷಿಣಕ್ಕೆ ಇಪ್ಪತ್ತು ನಿಮಿಷ ನಡೆದರೆ ಬಲಗಡೆ ಬೊಸ್‌ಬಾನ್ ಎಂಬ ದೋಣಿಪಂದ್ಯದ ಉದ್ದ ಕಾಲುವೆ ಸಿಗುತ್ತದೆ. ಬ್ಯಾಂಕ್ ಕಾರ್ಡೇ ಟಿಕೆಟ್, ಇಳಿಯುವಾಗಲೂ ತೋರಿಸಬೇಕು. ಭಾರತದಿಂದ ಬಂದವರಿಗೆ ಇದನ್ನು ಎರಡೆರಡು ಸಲ ಹೇಳಿ, ಮರೆತರೆ ದುಡ್ಡು ಹೋಗುತ್ತದೆ. ಬೇಸಿಗೆಯ ಭಾನುವಾರವಾದರೆ ಹಾರ್ಲೆಮರ್‌ಮೇರ್ ಹಳೆಯ ಸ್ಟೇಷನ್ನಿನಿಂದ ಹೊರಡುವ ಹಳೇಕಾಲದ ಟ್ರಾಮ್ ಹಿಡಿಯಬಹುದು. ಸ್ವಯಂಸೇವಕರು ನಡೆಸುವ, ಮರದ ಬೆಂಚಿನ ಬಂಡಿಗಳು. ಕಾಡಿನ ಪೂರ್ವದ ಅಂಚಿನಲ್ಲಿ ಗಡಗಡ ಅನ್ನುತ್ತಾ ಸಾಗುತ್ತದೆ. ಮಕ್ಕಳಿದ್ದರೆ ಇದೇ ಸರಿ. ಆ ದಿನ ಓಡುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಒಂದನೇ ಹೆಜ್ಜೆ: ಬೊಸ್‌ಬಾನ್ ತುದಿಯಲ್ಲಿ ನಿಲ್ಲಿ

ನೇರ ಗೀಟು ಎಳೆದಂತೆ 2,200 ಮೀಟರ್ ಉದ್ದದ ನೀರು. ಹುಟ್ಟುದೋಣಿಯ ಪಂದ್ಯಕ್ಕೆಂದೇ ಅಗೆದದ್ದು, 1936ರದ್ದು. ಮನುಷ್ಯರು ತೋಡಿದ ಇಂಥ ಪಂದ್ಯದ ಕಾಲುವೆಗಳಲ್ಲಿ ಜಗತ್ತಿಗೇ ಹಳೆಯದು. ಆಮೇಲೆ ಅಗಲ ಮಾಡುತ್ತಾ ಬಂದು, ಈಗ ಎಂಟು ದೋಣಿ ಸಾಲಾಗಿ ಹೋಗುವಷ್ಟಿದೆ. 1977ರಲ್ಲೂ 2014ರಲ್ಲೂ ವಿಶ್ವ ಚಾಂಪಿಯನ್‌ಷಿಪ್ ಇಲ್ಲೇ ನಡೆಯಿತು.

ಪೂರ್ವದ ಈ ತುದಿಯಲ್ಲಿ ಕಾಡಿನ ಮಾಹಿತಿ ಕೇಂದ್ರ ಬೊಸ್‌ವಿಂಕೆಲ್ ಇದೆ, ಒಂದು ಕಾಗದದ ನಕ್ಷೆ ಕೊಂಡುಕೊಳ್ಳಿ. ಶೌಚಾಲಯದ ಕೆಲಸವನ್ನೂ ಈ ತುದಿಯಲ್ಲೇ ಮುಗಿಸಿಕೊಳ್ಳಿ. ಮುಂದಿನದು ಸಿಗಲು ಒಂದು ಗಂಟೆ ಹಿಡಿಯಬಹುದು.

ಇಲ್ಲಿ ಬಹಳ ಜನ ಮಾಡುವ ತಪ್ಪು, ಕಂಡ ತಕ್ಷಣ ದಕ್ಷಿಣ ದಂಡೆ ಹಿಡಿದು ಕಾಡಿಗೆ ನುಗ್ಗುವುದು. ಹಾಗೆ ಮಾಡಬೇಡಿ. ಬೊಸ್‌ಬಾನ್‌ಗೆ ನಡುವೆ ಎಲ್ಲೂ ಸೇತುವೆ ಇಲ್ಲ. ಒಮ್ಮೆ ದಕ್ಷಿಣಕ್ಕೆ ಹೋದಿರೋ, ಉತ್ತರದ ಏರಿಯನ್ನು ನೋಡಲು ಇಡೀ ಉದ್ದ ಸುತ್ತಿಕೊಂಡು ಬರಬೇಕು. ಏರಿ ನೋಡದೆ ಕಾಡು ನೋಡಿದರೆ ಅರ್ಥವಾಗುವುದಿಲ್ಲ. ಆದ್ದರಿಂದ ಮೊದಲು ನೀರಿನ ಉತ್ತರ ಬದಿಗೆ ಬಂದು, ಕೂನೆನ್‌ಕಾಡೆ ಎಂಬ ಹೆಸರಿನ ಫಲಕ ಹುಡುಕಿಕೊಂಡು ಹೊರಡಿ. ಡಚ್ಚಿನ 'ಕಾಡೆ' ನಮ್ಮ ಕಾಡಲ್ಲ, ನೀರಿನ ದಂಡೆ. ಆದರೂ ಆ ಫಲಕ ಓದಿದಾಗಲೆಲ್ಲ ನನಗೊಂದು ಖುಷಿ.

ನಡೆಯುವ ಮುನ್ನ ಎಚ್ಚರಿಕೆಯ ಮಾತೊಂದು. ಕೆಂಪು ಡಾಂಬರಿನ ನುಣುಪು ದಾರಿ ಸೈಕಲ್ಲಿಗೆ. ನೀಲಿ ದುಂಡು ಫಲಕದಲ್ಲಿ ಬಿಳಿ ಸೈಕಲ್ ಇದ್ದರೂ ಅಷ್ಟೆ. ನಮ್ಮವರು ನಾಲ್ಕು ಜನ ಸಾಲಾಗಿ ಹರಟೆ ಹೊಡೆಯುತ್ತಾ ಅದರ ಮೇಲೆ ಹೋಗುವುದು, ಹಿಂದಿನಿಂದ ರೇಸ್ ಸೈಕಲ್ಲಿನವನು ಗಂಟೆ ಬಾರಿಸಿ ಕೂಗುವುದು ವಾರವಾರದ ದೃಶ್ಯ. ಕುದುರೆ ಚಿತ್ರವಿರುವ ಮರಳುದಾರಿಯೂ ನಮ್ಮದಲ್ಲ. ಅದರಲ್ಲಿ ಹತ್ತು ಹೆಜ್ಜೆ ಹಾಕಿದರೆ ಕಾಲು ಹೂತು ತಾನಾಗೇ ಗೊತ್ತಾಗುತ್ತದೆ.

ಎರಡನೇ ಹೆಜ್ಜೆ: ಏರಿಯ ಮೇಲೆ

ಅರ್ಧ ಗಂಟೆಯ ಹಾದಿ. ನಡುವೆ ಮರಗಳ ಸಂದಿಯಲ್ಲಿ ಬಲಗಡೆ ದೊಡ್ಡ ನೀರು ಕಾಣತೊಡಗುತ್ತದೆ, ಪಟದೋಣಿಗಳು ಕಟ್ಟಿರುತ್ತವೆ. ಅದು ನಿವ್ವೆ ಮೇರ್, ಹೊಸ ಕೆರೆ ಎಂದರ್ಥ. ನೀರು ಬಯಲಾಗಿ ಕಾಣುವ ಜಾಗದಲ್ಲಿ ನಿಲ್ಲಿ, ಗಡಿಬಿಡಿ ಬೇಡ.

ಬಲಕ್ಕೆ ನೋಡಿ: ನೀರಿನ ಮಟ್ಟ ಕಾಲಿನಿಂದ ಸ್ವಲ್ಪವೇ ಕೆಳಗೆ. ಈಗ ಎಡಕ್ಕೆ ತಿರುಗಿ, ಕಾಡಿನ ಕಡೆ ಇಳಿಯುವ ದಾರಿ ನೋಡಿ. ಮರದ ಬುಡಗಳು ಎಲ್ಲಿವೆ? ಕೆರೆಯ ನೀರಿಗಿಂತ ಕೆಳಗೆ. ಮೊದಲು ಕಣ್ಣು ಒಪ್ಪುವುದಿಲ್ಲ, ಮರಗಳ ಎತ್ತರ ಮೋಸ ಮಾಡುತ್ತದೆ. ತುದಿ ನೋಡಬೇಡಿ, ಬುಡ ನೋಡಿ. ಒಬ್ಬರನ್ನು ಇಳಿಜಾರಿನ ಕೆಳಗೆ ಕಳಿಸಿ ನಿಲ್ಲಿಸಿ, ಇನ್ನೊಬ್ಬರು ನೀರಿನಂಚಿಗೆ ಹೋಗಿ ಕುಕ್ಕರುಗಾಲಲ್ಲಿ ಕೂರಲಿ. ಕೂತವರ ಕಣ್ಣಿಗೆ ನಿಂತವರ ತಲೆ ಎಲ್ಲಿ ಕಾಣುತ್ತದೆ ಎಂದು ಅಳೆದರೆ ಲೆಕ್ಕ ಸಿಕ್ಕಿತು. ನಿವ್ವೆ ಮೇರ್ ನೀರು ಸಮುದ್ರಮಟ್ಟಕ್ಕಿಂತ ಸುಮಾರು 60 ಸೆಂಟಿಮೀಟರ್ ಕೆಳಗಿದೆ, ಕಾಡಿನ ನೆಲ ಅದಕ್ಕಿಂತಲೂ ಮೀಟರುಗಟ್ಟಲೆ ತಗ್ಗು.

ಅಪ್ಪ ಇಲ್ಲಿ ಐದು ನಿಮಿಷ ಮಾತಾಡಲಿಲ್ಲ. ಬೇಲಿ ಕಂಬಕ್ಕೆ ಒರಗಿ ಆ ಕಡೆ ಈ ಕಡೆ ನೋಡಿದರು. ಆಮೇಲೆ, "ಅಲ್ಲ ಕಣೋ, ಏರಿ ಒಡೆದ್ರೆ?" ಅಂದರು.

"ಕಾಡು ಮುಳುಗುತ್ತೆ."

"ಇಲ್ಲಿನ ನೀರ್ಗಂಟಿ ಯಾರು?"

ಎಷ್ಟು ಸರಿಯಾದ ಪ್ರಶ್ನೆ. ಊರ ಕೆರೆಯ ತೂಬು ಕಾಯುವ ನೀರ್ಗಂಟಿಯ ಕೆಲಸಕ್ಕೆ ಈ ದೇಶದಲ್ಲಿ ಚುನಾಯಿತ ಮಂಡಳಿಯೇ ಇದೆ, ಹೆಸರು ವಾಟರ್‌ಸ್ಖಾಪ್. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ, ಅದರದೇ ತೆರಿಗೆ. ಪ್ರತಿ ವರ್ಷ ಮನೆಗೆ ಬರುವ ಆ ಬಿಲ್ ನೋಡಿ 'ಇದ್ಯಾವ ಹೊಸ ಟ್ಯಾಕ್ಸ್' ಎಂದು ಗೊಣಗಿಕೊಂಡು ಕಟ್ಟುತ್ತಿದ್ದೆ. ಏರಿಯ ಮೇಲೆ ನಿಂತು ಅಪ್ಪನಿಗೆ ವಿವರಿಸುವಾಗ ಮೊದಲ ಸಲ ಆ ದುಡ್ಡು ಎಲ್ಲಿಗೆ ಹೋಗುತ್ತದೆಂದು ನನಗೇ ಅರ್ಥವಾದದ್ದು.

ನೀರಿನ ಮೇಲೆ ಕಪ್ಪು ಹಕ್ಕಿಗಳು ಹಣೆಯಲ್ಲಿ ಬಿಳಿ ಪಟ್ಟೆ ಇಟ್ಟುಕೊಂಡು ಜಗಳವಾಡುತ್ತಿರುತ್ತವೆ. ನಮ್ಮ ಕೆರೆಗಳಲ್ಲೂ ಇರುವ ನಾಮದ ಕೋಳಿಯೇ. ಊರಿನವರಿಗೆ ತೋರಿಸಿ, ಪರದೇಶದಲ್ಲಿ ಗುರುತಿನವರು ಸಿಕ್ಕಂತಾಗುತ್ತದೆ.

ಪ್ಯಾನ್‌ಕೇಕ್ ಮನೆ

ಕೂನೆನ್‌ಕಾಡೆಯಲ್ಲೇ ಮುಂದೆ ಸಾಗಿದರೆ ಮೇರ್‌ಜಿಖ್ಟ್ ಎಂಬ ಹಳೆಯ ತೋಟದಮನೆ ಸಿಗುತ್ತದೆ, ಈಗ ಪ್ಯಾನ್‌ಕೇಕ್ ಹೋಟೆಲು. ಡಚ್ ಪ್ಯಾನೆಕೂಕ್ ನೋಡಲು ನಮ್ಮ ದೋಸೆ, ಹಿಟ್ಟಿನಲ್ಲಿ ಮಾತ್ರ ಮೊಟ್ಟೆ ಇರುತ್ತದೆ. ಮೊಟ್ಟೆ ತಿನ್ನದವರು ಇದ್ದರೆ ಹೊರಗೆ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ, ಒಳಗೆ ಕಾಫಿ ಮಾತ್ರ ಕುಡಿಯಿರಿ. ಪಟ್ಟಿಯಲ್ಲಿ 'ಸ್ಪೆಕ್' ಎಂದಿದ್ದರೆ ಹಂದಿಮಾಂಸ. ತಿನ್ನುವವರು ಸೇಬು ಹಾಕಿದ್ದನ್ನು ತರಿಸಿ, ಮೇಲೆ ಬೆಲ್ಲದ ಪಾಕದಂಥ ಸ್ಟ್ರೋಪ್ ಸುರಿದುಕೊಂಡರೆ ಹೋಳಿಗೆಯ ದೂರದ ಸಂಬಂಧಿ.

ಮೂರನೇ ಹೆಜ್ಜೆ: ಇಳಿದು ಕಾಡಿನೊಳಗೆ

ಇಲ್ಲಿಂದ ಬೊಸ್‌ಬಾನ್‌ನ ಪಶ್ಚಿಮ ತುದಿ ಸುತ್ತಿ ದಕ್ಷಿಣದ ಕಾಡಿಗೆ ಇಳಿಯಿರಿ. ಈಗ ನೀವು 'ಗದ್ದೆ'ಯಲ್ಲಿದ್ದೀರಿ. ಇನ್ನು ಮುಂದೆ ಮೇಲೆ ನೋಡುವುದಕ್ಕಿಂತ ಕೆಳಗೆ ನೋಡುವುದು ಹೆಚ್ಚಿರಲಿ.

ಮೊದಲು ಕಾಲುವೆಗಳು. ಕಾಡಿನ ಕಾಲುವೆ ಅಂದರೆ ತಿರುವು ಮುರುವಿನ ಹಳ್ಳ ಅಂದುಕೊಳ್ಳುತ್ತೇವೆ. ಇಲ್ಲಿ ಬಹಳಷ್ಟು ಕಡೆ ದಾರ ಹಿಡಿದು ಎಳೆದಂತೆ ನೇರ. ಏಕೆಂದರೆ ಅವು ಹಳ್ಳಗಳಲ್ಲ, ಬಸಿಗಾಲುವೆಗಳು. ಮರದ ಬೇರಿಗೆ ಉಸಿರಾಡಲು ಗಾಳಿ ಬೇಕು, ತೇವದಲ್ಲೇ ನಿಂತರೆ ಕೊಳೆಯುತ್ತದೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯದಿದ್ದರೆ ಏನಾಗುತ್ತದೆ ಎಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಇಲ್ಲೂ ಮರ ನೆಡುವ ಮುನ್ನ ನೆಲದಡಿಯ ನೀರನ್ನು ಇಳಿಸಬೇಕಾಯಿತು. ಅದಕ್ಕೆ ಕಾಲುವೆ ಮಾತ್ರ ಸಾಲದೆ ನೂರಾರು ಕಿಲೋಮೀಟರ್ ಬಸಿಕೊಳವೆಗಳನ್ನು ಮಣ್ಣಿನಡಿ ಹೂತರು. ನೀವು ನಡೆಯುತ್ತಿರುವುದು ಅದರ ಮೇಲೆಯೇ.

ಮಕ್ಕಳಿರುವವರು ಈ ಪ್ಯಾರಾ ತಪ್ಪದೆ ಓದಿ. ಬೇಸಿಗೆಯಲ್ಲಿ ಈ ಕಾಲುವೆಗಳ ಮೇಲೆ ಸಾಸಿವೆ ಗಾತ್ರದಿಂದ ಅವರೆಕಾಳಿನ ಗಾತ್ರದವರೆಗಿನ ಹಸಿರೆಲೆಗಳು ತೇಲುತ್ತಾ ಒಂದಕ್ಕೊಂದು ಒತ್ತಿಕೊಂಡು ನೀರನ್ನು ಪೂರ್ತಿ ಮುಚ್ಚಿಬಿಡುತ್ತವೆ. ಕ್ರೋಸ್ ಎನ್ನುತ್ತಾರೆ. ನೋಡಿದರೆ ಈಗಷ್ಟೇ ಕತ್ತರಿಸಿದ ಹುಲ್ಲುಹಾಸು. ಅಲುಗುವುದಿಲ್ಲ, ಹೊಳೆಯುವುದಿಲ್ಲ. ಗೆಳೆಯರೊಬ್ಬರ ನಾಲ್ಕು ವರ್ಷದ ಮಗ ಚೆಂಡಿನ ಹಿಂದೆ ಓಡಿ ಆ 'ಹುಲ್ಲಿನ' ಮೇಲೆ ಕಾಲಿಟ್ಟ. ಸೊಂಟದವರೆಗಿನ ನೀರು, ತಕ್ಷಣ ಎತ್ತಿಕೊಂಡೆವು. ಆದರೆ ಅವನು ಅತ್ತದ್ದಕ್ಕಿಂತ ಬೆಚ್ಚಿ ಸುಮ್ಮನಾದದ್ದು ಇನ್ನೂ ನೆನಪಿದೆ. ಅತಿ ಸಮತಟ್ಟಾದ, ಅತಿ ಹಸಿರಾದ ನೆಲ ಕಂಡರೆ ಅದು ನೆಲವಲ್ಲ ಎಂದುಕೊಳ್ಳಿ. ಅನುಮಾನವಿದ್ದರೆ ಒಂದು ಕಡ್ಡಿ ಎಸೆದು ನೋಡಿ.

ಆಮೇಲೆ ಮರಗಳು. ಓಕ್, ಬೀಚ್, ಆ್ಯಶ್, ಮೇಪಲ್‌ಗಳಂಥ ನಿಧಾನದ ಮರಗಳನ್ನು ಬೋಳು ಬಯಲಿನಲ್ಲಿ ನೆಟ್ಟರೆ ಇಲ್ಲಿನ ಗಾಳಿಗೆ ನಿಲ್ಲುವುದಿಲ್ಲ. ಅದಕ್ಕೆ ಜೊತೆಜೊತೆಗೆ ಆಲ್ಡರ್, ಪಾಪ್ಲರ್, ವಿಲೋದಂಥ ಬೇಗ ಬೆಳೆಯುವ ಮರಗಳನ್ನು ನೆಟ್ಟರು. ಬಾಳೆಯ ನೆರಳಲ್ಲಿ ಅಡಿಕೆ ಸಸಿ ಏಳಿಸುವ ಹಾಗೆ. ದೊಡ್ಡವು ಬೇರು ಬಿಟ್ಟ ಮೇಲೆ ನೆರಳು ಕೊಟ್ಟವನ್ನು ಕಡಿಯುತ್ತಾ ಬಂದರು. ಯೋಜನೆಯ ಕೊನೆಯ ಮರ ನೆಟ್ಟದ್ದು 1970ರಲ್ಲಿ. ಈಚಿನ ವರ್ಷಗಳಲ್ಲಿ ಆ್ಯಶ್ ಮರಗಳಿಗೆ ಶಿಲೀಂಧ್ರದ ರೋಗ ಬಡಿದು ಬಹಳ ಕಡಿಯಬೇಕಾಗಿದೆ. ತುದಿಗೊಂಬೆ ಒಣಗಿ ಬೋಳಾದ ಮರ ಕಂಡರೆ ಅದೇ ಇರಬಹುದು. ಗಾಳಿಯ ದಿನ ಅದರಡಿ ಜಮಖಾನ ಹಾಸಬೇಡಿ.

ದಾರಿಯಲ್ಲಿ ಚಿಕ್ಕ ಸೇತುವೆಗಳು ಬರುತ್ತವೆ. ಅವುಗಳಲ್ಲಿ ಅನೇಕವನ್ನು ರೂಪಿಸಿದವರು ಆಮ್‌ಸ್ಟರ್‌ಡಾಮ್ ನಗರದ ನೂರಾರು ಸೇತುವೆಗಳ ವಾಸ್ತುಶಿಲ್ಪಿ ಪೀಟ್ ಕ್ರಾಮರ್. ಪಕ್ಕದ ಕಟಕಟೆಯ ಮರದ ಕೆತ್ತನೆ ಒಂದು ಸೇತುವೆಯಂತೆ ಇನ್ನೊಂದರದಿರುವುದಿಲ್ಲ.

ಇಲ್ಲೇ ಎಲ್ಲೋ ಅಮ್ಮ ತಟ್ಟನೆ ನಿಂತರು. "ಗಿಳಿ ಕೂಗ್ತಾ ಇದೆ."

ಗಿಳಿಯೆಲ್ಲಿ ಬಂತು ಈ ಚಳಿ ದೇಶದಲ್ಲಿ ಎಂದು ನಗುವಷ್ಟರಲ್ಲಿ ಹಸಿರು ಬಾಲದ ಏಳೆಂಟು ತಲೆಯ ಮೇಲಿಂದ ಕಿರುಚುತ್ತಾ ಹೋದವು. ಕೊರಳಿಗೆ ಕೆಂಪು ಉಂಗುರದ, ನಮ್ಮ ಜೋಳದ ಹೊಲಕ್ಕೆ ಬೀಳುವ ಅದೇ ಗಿಳಿ. ಪಂಜರದಿಂದ ತಪ್ಪಿಸಿಕೊಂಡವೋ ಬಿಟ್ಟುಬಿಟ್ಟವೋ, ಹಲವು ದಶಕಗಳಿಂದ ಆಮ್‌ಸ್ಟರ್‌ಡಾಮಿನ ಉದ್ಯಾನಗಳಲ್ಲಿ ಸಂಸಾರ ಹೂಡಿ ಸಾವಿರಗಟ್ಟಲೆ ಆಗಿವೆ, ಹಿಮ ಬಿದ್ದರೂ ಜಗ್ಗುವುದಿಲ್ಲ. ಅಮ್ಮ ಅವು ಕಣ್ಮರೆಯಾಗುವವರೆಗೂ ಕತ್ತೆತ್ತಿ ನೋಡಿದರು. "ಇವಕ್ಕೆ ವೀಸಾ ಕೇಳಲ್ಲ ಅಲ್ವೇನೋ?"

ನಾಲ್ಕನೇ ಹೆಜ್ಜೆ: ಗುಡ್ಡ ಹತ್ತಿ

ಕಾಡಿನ ನಡುವೆ ಹ್ಯೂವೆಲ್ ಎಂಬ ಫಲಕ ಕಂಡರೆ ಅತ್ತ ತಿರುಗಿ. ಹ್ಯೂವೆಲ್ ಅಂದರೆ ಗುಡ್ಡ. ನಂದಿಬೆಟ್ಟ ನೋಡಿದವರಿಗೆ ಇದನ್ನು ಗುಡ್ಡ ಎನ್ನಲು ಸಂಕೋಚವಾಗುತ್ತದೆ, ಹತ್ತಲು ಐದಾರು ನಿಮಿಷ ಸಾಕು. ಆದರೆ ಇದು ಅಗೆದ ಮಣ್ಣು. ಬೊಸ್‌ಬಾನ್ ತೋಡುವಾಗ ಮೇಲೆ ಬಂದ ಮಣ್ಣನ್ನು ಇಲ್ಲಿ ಸುರಿದು ಒಟ್ಟಿದರು. ಅಂದರೆ ಬೆಳಿಗ್ಗೆ ನೀವು ನೋಡಿದ ಎರಡು ಕಿಲೋಮೀಟರ್ ನೀರಿನ ಹಳ್ಳಕ್ಕೆ ಇದು ಜೋಡಿ. ಅಲ್ಲಿ ಇಲ್ಲವಾದದ್ದು ಇಲ್ಲಿದೆ.

ಗುದ್ದಲಿ, ತಳ್ಳುಗಾಡಿ, ನಿರುದ್ಯೋಗಿಗಳ ಕಥೆಯನ್ನು ಅಪ್ಪ-ಅಮ್ಮನಿಗೆ ಹೇಳುವುದಾದರೆ ಏರಿಯ ಮೇಲೆ ಹೇಳಬೇಡಿ, ಈ ಗುಡ್ಡದ ಮೇಲೆ ಕೂತು ಹೇಳಿ. ನಾನು ಹೇಳಿದ ಮೇಲೆ ಅಪ್ಪ ಕಾಲಡಿಯ ಮಣ್ಣನ್ನು ಒಂದು ಚಿಟಿಕೆ ಎತ್ತಿ ಬೆರಳಲ್ಲಿ ಉಜ್ಜಿದರು. "ಬರದ ಕಾಮಗಾರೀಲಿ ನಮ್ಮಪ್ಪನೂ ಕೆರೆ ಹೂಳು ಹೊತ್ತಿದ್ರು. ಕೂಲಿಗೆ ಜೋಳ ಕೊಡೋರು," ಅಂದರು. ತಾತನ ಬಗ್ಗೆ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ವಿಮಾನಗಳು ಮಾತಿಗೆ ಅಡ್ಡ ಬರುತ್ತವೆ, ಗೊತ್ತಿರಲಿ. ಸ್ಖಿಪೋಲ್‌ನ ಒಂದು ರನ್‌ವೇ ಬಳಕೆಯಲ್ಲಿದ್ದ ದಿನ ಕಾಡಿನ ಉತ್ತರ ಭಾಗದ ಮೇಲೆಯೇ ಅವು ಇಳಿಯುತ್ತವೆ, ರೆಕ್ಕೆಯ ಮೇಲಿನ ಅಕ್ಷರ ಓದುವಷ್ಟು ಕೆಳಗೆ. ಗಾಳಿಯ ದಿಕ್ಕು ಬದಲಾದರೆ ಇಡೀ ದಿನ ಒಂದೂ ಇಲ್ಲ.

ಐದನೇ ಹೆಜ್ಜೆ: ಮೇಕೆ ದೊಡ್ಡಿ

ಗುಡ್ಡ ಇಳಿದು ಮುಂದೆ ನಡೆದರೆ ರಿಡಾಮರ್‌ಹೂವೆ ಎಂಬ ಸಾವಯವ ಮೇಕೆ ಫಾರ್ಮ್. ಹೂವೆ ಹೂವಲ್ಲ, ಹೊಲಮನೆ. ಮಕ್ಕಳಿಗೆ ಸ್ವರ್ಗ, ಬಾಟಲಿ ಹಾಲು ಕೊಂಡು ಮರಿಗಳಿಗೆ ಕುಡಿಸಬಹುದು. ಹಳ್ಳಿಯಿಂದ ಬಂದ ಹಿರಿಯರಿಗೆ ದುಡ್ಡು ಕೊಟ್ಟು ಮೇಕೆಗೆ ಹಾಲು ಕುಡಿಸುವುದು ತಮಾಷೆಯ ವಿಷಯ. ಮಂಗಳವಾರ ಸಾಮಾನ್ಯವಾಗಿ ಬಾಗಿಲು ಹಾಕಿರುತ್ತದೆ. ಮೇಕೆಹಾಲಿನ ಐಸ್‌ಕ್ರೀಂ ತಿಂದು ಹೊರಡಿ.

ಆರನೇ ಹೆಜ್ಜೆ: ಹಿಂದಿರುಗುವ ದಾರಿ

ಈಗ ಈಶಾನ್ಯಕ್ಕೆ, ಬೊಸ್‌ಬಾನ್‌ನ ದಕ್ಷಿಣದ ಕಾಡನ್ನು ಸೀಳಿಕೊಂಡು, ಬಯಲು ರಂಗಮಂದಿರದ ಫಲಕಗಳನ್ನು ಹಿಡಿದು ನಡೆಯಿರಿ. ನಾಯಿ ಕಂಡರೆ ಹೆದರುವವರು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಇಲ್ಲಿ ಬಹಳ ಕಡೆ ನಾಯಿಗಳನ್ನು ಬಿಟ್ಟೇ ಓಡಾಡಿಸುತ್ತಾರೆ. ಓಡಬೇಡಿ, ಕೈ ಮೇಲೆತ್ತಬೇಡಿ, ಕೈಯಲ್ಲಿ ತಿಂಡಿ ಹಿಡಿದಿರಬೇಡಿ.

ಈ ಭಾಗದಲ್ಲಿ ಡಾಖೌ ಸ್ಮಾರಕ ಇದೆ, ನಕ್ಷೆಯಲ್ಲಿ ಗುರುತು ಹಾಕಿಕೊಂಡು ಹೋಗಿ. 1996ರಲ್ಲಿ ಮಾಡಿದ್ದು. ಎರಡೂ ಬದಿ ಕಡುಹಸಿರು ಬೇಲಿ, ನಡುವೆ 60 ಮೀಟರಿನ ಕಲ್ಲುಹಾದಿ. ಹಾದಿಗೆ ಹಾಸಿದ ಕಲ್ಲುಗಳ ಮೇಲೆ ನಾಜಿಗಳು ನಡೆಸಿದ 500ಕ್ಕೂ ಹೆಚ್ಚು ಶಿಬಿರಗಳ ಹೆಸರುಗಳು. ಆಶ್ವಿಟ್ಜ್, ಡಾಖೌಗಳಂಥ ಎರಡು ಮೂರು ಹೆಸರು ಕೇಳಿರುತ್ತೇವೆ. ಉಳಿದ ಹೆಸರು ಓದುತ್ತಾ ಹೋದಂತೆ ನಡಿಗೆ ತಾನಾಗೇ ನಿಧಾನವಾಗುತ್ತದೆ. ಅಲ್ಲಿ ಸೆಲ್ಫಿ ಬೇಡ.

ಅಲ್ಲಿಂದ ಬೊಸ್‌ಬಾನ್ ದಂಡೆಗೆ ಬಂದರೆ ಹೊರಟ ಜಾಗ ನೇರ ಕಾಣುತ್ತದೆ. ಕಾಣುತ್ತದೆ ಎಂದು ಹತ್ತಿರವೆಂದುಕೊಳ್ಳಬೇಡಿ. ನೇರ ದಾರಿ ಕಾಲಿಗೆ ಉದ್ದ.

ಪೂರ್ತಿ ನಡೆಯಲಾಗದಿದ್ದರೆ

ಮಂಡಿ ನೋವಿನವರಿಗೆ ಬೊಸ್‌ಬಾನ್ ದಂಡೆಯೇ ಸಾಕು. ಸಮತಟ್ಟು, ಅಲ್ಲಲ್ಲಿ ಬೆಂಚು, ಗಾಲಿಕುರ್ಚಿಯೂ ಹೋಗುತ್ತದೆ. ಏರಿಯ ನೋಟ ಬೇಕೆಂದರೆ ಮೇರ್‌ಜಿಖ್ಟ್ ಹತ್ತಿರಕ್ಕೆ ಕಾರಿನಲ್ಲಿ ಹೋಗಿ, ಅಲ್ಲಿಂದ ಹತ್ತು ನಿಮಿಷ ಅತ್ತಿತ್ತ ನಡೆದರೂ ಆಯಿತು. ಒಂಬತ್ತು ಕಿಲೋಮೀಟರಿನಲ್ಲಿ ಒಂದೇ ಜಾಗ ನೋಡಬಹುದು ಎಂದರೆ ನಾನು ಆರಿಸುವುದು ಅದನ್ನೇ.

ಏಪ್ರಿಲ್‌ನ ಎರಡು ಮೂರು ವಾರ ಮಾತ್ರ ದಾರಿ ಬದಲಿಸಬಹುದು. ಆಮ್‌ಸ್ಟೆಲ್‌ವೀನ್ ಕಡೆಯ ಅಂಚಿನಲ್ಲಿ 400 ಚೆರಿ ಮರಗಳ ತೋಪಿದೆ, 2000ದಲ್ಲಿ ಇಲ್ಲಿನ ಜಪಾನಿ ಮಹಿಳೆಯರ ಸಂಘ ಕೊಟ್ಟ ಉಡುಗೊರೆ. ಮರಕ್ಕೊಂದು ಹೆಣ್ಣಿನ ಹೆಸರು, ಅರ್ಧ ಜಪಾನಿ, ಅರ್ಧ ಡಚ್. ಹೂಬಿಟ್ಟ ಶನಿವಾರ-ಭಾನುವಾರ ಕಾಲಿಡಲು ಜಾಗವಿರುವುದಿಲ್ಲ. ವಾರದ ನಡುವೆ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ, ಕೊಂಬೆ ಎಳೆದು ಫೋಟೋ ತೆಗೆಯಬೇಡಿ.

ಅಕ್ಟೋಬರ್‌ನಲ್ಲಿ ಅಣಬೆಗಳು ಬಣ್ಣಬಣ್ಣದಲ್ಲಿ ಏಳುತ್ತವೆ. ನೋಡಿ, ಕೀಳಬೇಡಿ. ಬಿಳಿ ಚುಕ್ಕೆಯ ಕೆಂಪು ಅಣಬೆ ವಿಷದ್ದು.

ಮನೆಗೆ ಬಂದ ಮೇಲೆ

ಉದ್ದ ಪ್ಯಾಂಟಿನ ಕಾರಣ ಈಗ. ಇಲ್ಲಿನ ಹುಲ್ಲಿನಲ್ಲಿ ಉಣ್ಣೆ ಇದೆ. ಮಲೆನಾಡಿನವರಿಗೆ ಮಂಗನ ಕಾಯಿಲೆಯಿಂದ ಉಣ್ಣೆಯ ಭಯ ಗೊತ್ತು. ಇಲ್ಲಿನದು ಹರಡುವುದು ಲೈಮ್ ಎಂಬ ಬೇರೆ ಕಾಯಿಲೆ. ಉಣ್ಣೆಯ ಮರಿ ಗಸಗಸೆ ಕಾಳಿನಷ್ಟೇ ಇರುತ್ತದೆ, ಕಚ್ಚಿದ್ದು ತಿಳಿಯುವುದೇ ಇಲ್ಲ.

ಮನೆ ಮುಟ್ಟಿದ ತಕ್ಷಣ ಬಟ್ಟೆ ಒದರಿ, ಸ್ನಾನಕ್ಕೆ ಮುಂಚೆ ಮಂಡಿಯ ಹಿಂದೆ, ತೊಡೆಸಂದು, ಕಂಕುಳು, ಕಿವಿಯ ಹಿಂದೆ, ಮಕ್ಕಳಿಗೆ ಕೂದಲಂಚಿನಲ್ಲೂ ನೋಡಿ. ಸಿಕ್ಕರೆ ಎಣ್ಣೆ ಸುರಿಯುವುದು, ಬೆಂಕಿ ಕಡ್ಡಿ ಮುಟ್ಟಿಸುವುದು ಬೇಡ. ಚೂಪು ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ಹೊಟ್ಟೆ ಹಿಚುಕಬಾರದು. ಇದಕ್ಕೆಂದೇ ಮಾಡಿದ ಪುಟ್ಟ ಕೊಂಡಿ ಔಷಧದ ಅಂಗಡಿಗಳಲ್ಲಿ ಸಿಗುತ್ತದೆ. ಕಿತ್ತ ದಿನಾಂಕವನ್ನೂ ಕಚ್ಚಿದ ಜಾಗವನ್ನೂ ಕ್ಯಾಲೆಂಡರಿನಲ್ಲಿ ಬರೆದಿಡಿ, ಜಾಗದ ಫೋಟೋ ಇರಲಿ. ಮುಂದಿನ ಕೆಲವು ವಾರಗಳಲ್ಲಿ ಅಲ್ಲಿ ಕೆಂಪು ಉಂಗುರ ಹರಡುತ್ತಾ ಹೋದರೆ, ಜ್ವರ, ಮೈಕೈ ನೋವು ಬಂದರೆ ಮನೆವೈದ್ಯರ ಬಳಿ ಹೋಗಿ ಉಣ್ಣೆ ಕಚ್ಚಿದ್ದನ್ನು ಹೇಳಬೇಕು. ಅಷ್ಟರಲ್ಲಿ ಅಪ್ಪ-ಅಮ್ಮ ಊರಿಗೆ ಮರಳಿದ್ದರೆ ಫೋನಿನಲ್ಲಿ ಕೇಳುತ್ತಿರಿ. ಲೈಮ್ ನಮ್ಮೂರ ಡಾಕ್ಟರಿಗೆ ದಿನನಿತ್ಯ ಕಾಣುವ ಕಾಯಿಲೆಯಲ್ಲ, ಹೆಸರು ಚೀಟಿಯಲ್ಲಿ ಬರೆದು ಕಳಿಸಿ.

ಶೂಗಳನ್ನು ಅಂದೇ ತೊಳೆಯಬೇಡಿ. ಎರಡು ದಿನ ಬಾಲ್ಕನಿಯಲ್ಲಿ ಒಣಗಲಿ, ಆಮೇಲೆ ಒಂದಕ್ಕೊಂದು ಬಡಿದರೆ ಮಣ್ಣು ಹೆಂಟೆಯಾಗಿ ಉದುರುತ್ತದೆ. ನಮ್ಮ ಮನೆಯ ಆ ಹೆಂಟೆಗಳನ್ನು ಅಪ್ಪ ಗುಡಿಸಿ ಅಮ್ಮನ ಕೊತ್ತಂಬರಿ ಕುಂಡಕ್ಕೆ ಹಾಕಿದರು.